ಗಾಳಿ ಇಳಿಸುವುದು

ಬಿದಿಯಾದ ಕೊನೆಯ ಪೆಟ್ರೋಲ್ ಬಂಕಿನ ಎದುರು
ಖಲ್ಫಾನ್ ಗಾಡಿ ನಿಲ್ಲಿಸಿ ಇಳಿಯುತ್ತಾನೆ.
ಮೊದಲು ನಿಮಗೆ ಸಿಗುವುದು ಮರುಭೂಮಿಯಲ್ಲ,
ಟಯರಿನಿಂದ ಗಾಳಿ ಹೋಗುವ ಸದ್ದು,
ಯಾರೋ ಹಲ್ಲು ಕಚ್ಚಿ ಕೋಪ ನುಂಗಿದಂತೆ.
ಮೂವತ್ತೈದು ಇದ್ದದ್ದು ಹದಿನೈದಕ್ಕೆ.
ಮುಳ್ಳು ನೋಡುವವನಲ್ಲ ಅವನು.
ಚಪ್ಪಲಿಗಾಲಲ್ಲಿ ಒಮ್ಮೆ ಒದ್ದು, ಸಾಕು ಅನ್ನುತ್ತಾನೆ.
"ಉಬ್ಬಿದ್ದು ಹೂತುಹೋಗುತ್ತದೆ.
ಬೆಲ್ಟ್ ಹಾಕಿಕೊಳ್ಳಿ. ಮಧ್ಯಾಹ್ನ ಏನು ಉಂಡಿರಿ?"

ಈ ಪ್ರಶ್ನೆ ಕುಶಲೋಪರಿಯಲ್ಲ.
ಮುಂದಿನ ಸೀಟಿನ ಬೆನ್ನ ಜೇಬಲ್ಲಿ
ಪ್ಲಾಸ್ಟಿಕ್ ಚೀಲಗಳಿವೆ, ನೋಡಿಟ್ಟುಕೊಳ್ಳಿ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ನಡೆಯದು.
ಇದು ಹತ್ತಿರ ಹೋದಷ್ಟೂ ನುಣ್ಣಗೆ.
ಮೋಸ ಇರುವುದು ನೆತ್ತಿಯಲ್ಲಿ:
ಬಾನೆಟ್ ಮೇಲೆದ್ದಾಗ ಆಚೆ ಏನಿದೆ ಕಾಣುವುದಿಲ್ಲ,
ಬರಿಯ ಆಕಾಶ.
ಸರಿಯಾಗಿ ಆಗಲೇ ಖಲ್ಫಾನ್ ಸ್ಟೇರಿಂಗ್ ಬಿಟ್ಟು
ಎರಡೂ ಕೈಯಲ್ಲಿ ತಲೆಯ ಮುಸ್ಸರ್ ಸರಿಮಾಡಿಕೊಳ್ಳುತ್ತಾನೆ.
ಬೇಕೆಂದೇ. ಪ್ರತಿಸಲ ಅದೇ ದಿಬ್ಬದಲ್ಲಿ.
ನೀವು ಕಿರುಚುತ್ತೀರಿ.
ಅದಕ್ಕೆ ಬೇರೆ ಚಾರ್ಜಿಲ್ಲ.

ನಾಲ್ಕೂವರೆಗೆ ಬೆದೂಯಿನ್ ಮನೆ.
ಖರ್ಜೂರದ ಗರಿಯ ಗೋಡೆ, ಆಡಿನ ಕೂದಲ ಕಂಬಳಿ,
ಹಕ್ಕಿಯ ಕೊಕ್ಕಿನಂಥ ಬುರ್ಖಾ ಮೂಗಿನ ಮೇಲಿಟ್ಟು
ಜುವೈನಾ ಕಹ್ವಾ ಬಗ್ಗಿಸುತ್ತಾಳೆ, ಬೊಗಸೆಯೊಳಗೆ ಅಡಗುವ ಬಟ್ಟಲಿಗೆ.
ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕು.
ಬಾಯಿಮಾತು ಅವಳ ಕಿವಿಗೆ ಬೀಳದು.
ಇದು ಗೊತ್ತಿಲ್ಲದ ಒಬ್ಬಾತ ಹನ್ನೊಂದು ಬಟ್ಟಲು ಕುಡಿದು
ರಾತ್ರಿಯಿಡೀ ನಕ್ಷತ್ರ ಎಣಿಸಿದನಂತೆ.
ಫೋಟೋ ತೆಗೆಯುವ ಮುಂಚೆ ಕೇಳಿ.
ಕಂಬಳಿಗಾದರೆ ಹೂಂ. ಅವಳಿಗಾದರೆ ಊಹೂಂ.

ಊರೊಳಗೆ ಅವಳಿಗೆ ಎರಡಂತಸ್ತಿನ ಮನೆಯಿದೆ,
ಮೂರು ಎಸಿ, ವಾಷಿಂಗ್ ಮೆಷಿನ್ನಿನ ಮೇಲೆ ಪ್ಲಾಸ್ಟಿಕ್ ಹೂವು.
ದಿನಾ ಮೂರೂವರೆಗೆ ಮೊಮ್ಮಗ ಇಲ್ಲಿ ಇಳಿಸಿ
ಏಳಕ್ಕೆ ಬಂದು ಕರೆದೊಯ್ಯುತ್ತಾನೆ.
ತಾನು ಹುಟ್ಟಿದಂಥದೇ ಮನೆಯಲ್ಲಿ
ಮೂರೂವರೆ ಗಂಟೆ ಕೂತಿರುವುದು ಅವಳ ಕೆಲಸ.
ತಿಳಿದ ಕೂಡಲೇ ಮೋಸಹೋದೆವು ಅನ್ನಿಸಬಹುದು.
ಅನ್ನಿಸಲಿ. ಇನ್ನೊಂದು ಖರ್ಜೂರ ತಿನ್ನಿ.

ಜೂನ್ ಜುಲೈಯಲ್ಲಿ ಯಾರೂ ಬರುವುದಿಲ್ಲ,
ಕಾಲಿಟ್ಟರೆ ಬೊಬ್ಬೆ.
ಆಗಲೂ ಮೂರೂವರೆಗೆ ಗಾಡಿ ಹತ್ತುತ್ತಾಳೆ.
ಯಾರಿಗಜ್ಜಿ ಕಹ್ವಾ ಎಂದು ಮೊಮ್ಮಗ ಕೇಳಿದ್ದಕ್ಕೆ
"ಸುಮ್ಮನೆ ಓಡಿಸು."

ಸೂರ್ಯ ಮುಳುಗುವುದನ್ನು ಹೇಗೂ ನೋಡುತ್ತೀರಿ,
ದಿಬ್ಬದ ಅಂಚಲ್ಲಿ ಸಾಲಾಗಿ, ಫೋನು ಎತ್ತಿ ಹಿಡಿದು.
ಮುಳುಗಿದ ಮೇಲೊಮ್ಮೆ ಹಿಂದೆ ತಿರುಗಿ.
ಗಾಡಿಯ ಪಕ್ಕ, ಅರ್ಧ ಬಾಟಲಿ ನೀರಲ್ಲಿ ಕೈಕಾಲು ತೊಳೆದು
ಖಲ್ಫಾನ್ ನಮಾಜಿಗೆ ನಿಂತಿದ್ದಾನೆ.
ಇಲ್ಲಿಂದ ಮಕ್ಕಾ ಪಡುವಣಕ್ಕೆ.
ಮುಖ ನಿಮ್ಮ ಕಡೆಗೇ ಇದೆ,
ನೀವು ಅವನಿಗೆ ಕಾಣುತ್ತಿಲ್ಲ.

ಹತ್ತಕ್ಕೆ ಜನರೇಟರ್ ನಿಲ್ಲುತ್ತದೆ.
ಆಮೇಲೆ ಕೇಳಿಸುವುದು ಗಾಳಿ ಅಂದುಕೊಳ್ಳುತ್ತೀರಿ.
ಅಲ್ಲ, ನಿಮ್ಮದೇ ಕಿವಿಯೊಳಗೆ ನೆತ್ತರು ಓಡಾಡುವುದು.
ಎರಡು ಕಂಬಳಿ ಕೇಳಿ ಪಡೆಯಿರಿ, ಡಿಸೆಂಬರಾದರೆ ಮೂರು.
ಬೆಳಿಗ್ಗೆ ಎದ್ದರೆ
ಚಾಪೆಯ ಸುತ್ತ ಸಣ್ಣ ಹೊಲಿಗೆ,
ಬಿಡಿಸಿದರೆ ಬಿಚ್ಚಿಕೊಳ್ಳುವಷ್ಟು ನಾಜೂಕು.
ಇರುಳೆಲ್ಲ ಒಂದು ಕರಿ ಹುಳ ನಿಮ್ಮನ್ನು ಬಳಸಿ ನಡೆದಿದೆ.
ಸ್ವಲ್ಪ ಹೊತ್ತಿಗೆ ಅದೂ ಅಳಿಸಿಹೋಗುತ್ತದೆ.

ಮರಳುವಾಗ ಅದೇ ಬಂಕು.
ಪಂಕ್ಚರ್ ಅಂಗಡಿಯ ಶಹೀದುಲ್,
ಚಟಗಾಂವದ ಕಡೆಯವನು, ಕೊಳವೆ ಎಳೆದು ತಂದು
ನಾಲ್ಕೂ ಚಕ್ರಕ್ಕೆ ಮತ್ತೆ ಗಾಳಿ ಹೊಡೆಯುತ್ತಾನೆ.
ಒಂಬತ್ತು ವರ್ಷದಿಂದ ಇಲ್ಲಿದ್ದಾನೆ,
ಡಾಂಬರು ಮುಗಿಯುವಲ್ಲಿಂದ ಆಚೆ ಒಮ್ಮೆಯೂ ಹೋಗಿಲ್ಲ.
ರಜೆಯಿಲ್ಲ; ಇದ್ದರೆ ನಿದ್ದೆ.
ಮಂಡಿಯೂರಿ ಕೂತವನು ತಲೆಯೆತ್ತಿ
"ಒಳಗೆ ಹೇಗಿದೆ?" ಎಂದು ನಿಮ್ಮನ್ನು ಕೇಳುತ್ತಾನೆ.

ಹೇಳಲು ಬಾಯಿ ತೆರೆಯುತ್ತೀರಿ.
ಹಲ್ಲಿನ ನಡುವೆ
ಕರ್ ಅನ್ನುತ್ತದೆ.